ಪದಚರ್ಚೆ: ಕ್ಯಾಲ್ಪೇನ್ ಪ್ರೋಟೀನನ್ನು ಜೀರ್ಣಿಸುತ್ತದೆಯೋ, ತುಂಡರಿಸುತ್ತದೆಯೋ?

ಪ್ರಶ್ನೆ

ಮಾಂಸವಿಜ್ಞಾನದ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕರಡಿನಲ್ಲಿರುವ ವಾಕ್ಯ ಹೀಗಿದೆ: ‘ವಧೆಯ ನಂತರ ಎಂ-ಕ್ಯಾಲ್ಪೇನ್ ಎಂಬ ಕ್ಯಾಲ್ಸಿಯಂ-ಪ್ರೇರಿತ ಕಿಣ್ವವು ಸ್ನಾಯುವಿನ ರಚನಾತ್ಮಕ ಪ್ರೋಟೀನುಗಳನ್ನು ಜೀರ್ಣಿಸಿ ಮಾಂಸವನ್ನು ಮೃದುಗೊಳಿಸುತ್ತದೆ.’ ‘ಜೀರ್ಣಿಸಿ’ ಬೇಡ, ‘ವಿಘಟಿಸಿ’ ಇರಲಿ ಎಂದು ಒಬ್ಬರು, ‘ಸೀಳಿ’ ಸಾಕು ಎಂದು ಇನ್ನೊಬ್ಬರು. ಯಾವುದು ಸರಿ? ಈ ಕಿಣ್ವ ತನ್ನನ್ನೇ ಕತ್ತರಿಸಿಕೊಳ್ಳುವುದಕ್ಕೆ ‘ಸ್ವಯಂಜೀರ್ಣ’ ಎಂದು ಹಾಕಿದ್ದೇವೆ. ಅದು ನಿಲ್ಲುತ್ತದೆಯೇ?

ಉತ್ತರ

ಕೇಳಿದ್ದು ಕ್ರಿಯಾಪದದ ಬಗ್ಗೆ. ಆದರೆ ಈ ವಾಕ್ಯದಲ್ಲಿ ಮೊದಲು ತಿದ್ದಬೇಕಾದದ್ದು ‘ಎಂ’. ಗ್ರೀಕಿನ ಮ್ಯೂ ಅಕ್ಷರದ ಕ್ಯಾಲ್ಪೇನ್ ಬೇರೆ, ರೋಮನ್ ಎಂ ಅಕ್ಷರದ್ದು ಬೇರೆ. ಪ್ರಯೋಗನಳಿಕೆಯಲ್ಲಿ ಅರ್ಧದಷ್ಟು ಚುರುಕಾಗಲು ಮೊದಲನೆಯದಕ್ಕೆ 3ರಿಂದ 50 ಮೈಕ್ರೋಮೋಲಾರ್ ಕ್ಯಾಲ್ಸಿಯಂ ಸಾಕು. ಎರಡನೆಯದಕ್ಕೆ ಸುಮಾರು 400ರಿಂದ 800 ಬೇಕು. ಮೈಕ್ರೋ, ಮಿಲಿ ಎಂಬ ಈ ಅಳತೆಗಳಿಂದಲೇ ಆ ಅಕ್ಷರಗಳು ಬಂದದ್ದು. ಜೀವಂತ ಸ್ನಾಯು ವಿಶ್ರಾಂತಿಯಲ್ಲಿದ್ದಾಗ ಕೋಶದ್ರವದಲ್ಲಿ ಕ್ಯಾಲ್ಸಿಯಂ 0.1 ಮೈಕ್ರೋಮೋಲಾರ್ ಆಸುಪಾಸು. ವಧೆಯ ನಂತರ ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಮುಗಿದು, ಕ್ಯಾಲ್ಸಿಯಂ ಅನ್ನು ಒಳಚೀಲಗಳಿಗೆ ಹಿಂದಿರುಗಿಸುವ ಪಂಪುಗಳು ನಿಂತು, ಅದು ಏರುತ್ತದೆ. ಮೊದಲನೆಯದು ಎಚ್ಚರಗೊಳ್ಳುವಷ್ಟು ಏರುತ್ತದೆ. ಎರಡನೆಯದಕ್ಕೆ ಸಾಲುವಷ್ಟು ಸಾಮಾನ್ಯವಾಗಿ ಏರುವುದಿಲ್ಲ. ಹಾಗಾಗಿ ಮಾಂಸ ಮೆದುವಾಗುವ ಕಥೆಯಲ್ಲಿ ‘ಎಂ-ಕ್ಯಾಲ್ಪೇನ್’ ಎಂದು ಬರೆದರೆ ವಿಷಯವೇ ತಪ್ಪು. ಕನ್ನಡ ಲಿಪಿಯಲ್ಲಿ ‘ಮ್ಯೂ’, ‘ಎಂ’ ಎಂದು ಬರೆದು ಕರಡು ತಿದ್ದುವವರನ್ನು ಗೊಂದಲಕ್ಕೆ ತಳ್ಳುವ ಬದಲು ಮೊದಲನೆಯದನ್ನು ಕ್ಯಾಲ್ಪೇನ್-1, ಎರಡನೆಯದನ್ನು ಕ್ಯಾಲ್ಪೇನ್-2 ಎಂದೇ ಕರೆಯಿರಿ. ಈಗ ರೂಢಿಯಲ್ಲಿರುವುದೂ ಅದೇ.

ಇನ್ನು ಕ್ರಿಯಾಪದ. ಜೀರ್ಣಿಸುವುದು ಎಂದರೆ ನಮ್ಮ ಓದುಗರಿಗೆ ಹೊಟ್ಟೆಯ ಕೆಲಸ: ಪ್ರೋಟೀನು ಅಮೈನೋ ಆಮ್ಲದವರೆಗೂ ಒಡೆಯುವುದು. ಕ್ಯಾಲ್ಪೇನ್ ಅಷ್ಟು ದೂರ ಹೋಗುವುದೇ ಇಲ್ಲ. ಗೊತ್ತಾದ ಕೆಲವು ಜಾಗಗಳಲ್ಲಿ ಮಾತ್ರ ಸರಪಳಿ ಕಡಿದು, ದೊಡ್ಡ ದೊಡ್ಡ ತುಣುಕುಗಳನ್ನು ಬಿಟ್ಟು ನಿಲ್ಲುತ್ತದೆ. ಜೀವಂತ ಕೋಶದಲ್ಲಾದರೆ ಆ ತುಣುಕುಗಳನ್ನು ಮುಂದೆ ಪ್ರೋಟಿಯಸೋಮ್ ಎಂಬ, ಪ್ರೋಟೀನು ಒಡೆಯುವ ಕೋಶಯಂತ್ರ ನೋಡಿಕೊಳ್ಳುತ್ತದೆ. ‘ವಿಘಟಿಸು’ ತಪ್ಪಲ್ಲ, ಆದರೆ ಎಷ್ಟರ ಮಟ್ಟಿಗೆ ಎಂಬುದನ್ನು ಅದು ಹೇಳುವುದಿಲ್ಲ. ‘ಸೀಳು’ ಬೇಡ: ಬಿದಿರು ಸೀಳುವುದು ಉದ್ದಕ್ಕೆ, ಇಲ್ಲಿ ನಡೆಯುವುದು ಅಡ್ಡಕ್ಕೆ. ‘ತುಂಡರಿಸು’ ಸರಿಯಾಗಿ ಕೂರುತ್ತದೆ. ‘ಅಲ್ಲಲ್ಲಿ’ ಎಂದು ಸೇರಿಸಿದರೆ ಇನ್ನೂ ಸ್ಪಷ್ಟ.

ವ್ಯತ್ಯಾಸ ತೋರಿಸಲು ಪರಂಗಿಕಾಯಿಯ ಕಿಣ್ವವಾದ ಪಪೇನ್ ಒಳ್ಳೆಯ ಉದಾಹರಣೆ. ಕ್ಯಾಲ್ಪೇನ್ ಹೆಸರಿನ ಬಾಲವೇ ಅಲ್ಲಿಂದ ಬಂದದ್ದು. ಎರಡೂ ಸಿಸ್ಟೀನ್ ಪ್ರೋಟಿಯೇಸ್‌ಗಳು, ಅಂದರೆ ಸಿಸ್ಟೀನ್ ಎಂಬ ಅಮೈನೋ ಆಮ್ಲದ ನೆರವಿನಿಂದ ಪ್ರೋಟೀನು ಕಡಿಯುವ ಕಿಣ್ವಗಳು. ಮಟನ್ನಿಗೆ ಹಸಿ ಪರಂಗಿಕಾಯಿ ಅರೆದು ಹಚ್ಚಿ ಹೆಚ್ಚು ಹೊತ್ತು ಬಿಟ್ಟರೆ ಮೇಲ್ಪದರ ಪಿಚಪಿಚ ಆಗುವುದು ಪಪೇನ್‌ಗೆ ಆಯ್ಕೆ ಕಡಿಮೆ ಇರುವುದರಿಂದ. ಸ್ನಾಯು ಸಂಕೋಚಿಸುವ ಪ್ರೋಟೀನಾದ ಮಯೋಸಿನ್ ಅನ್ನೂ ಅದು ಬಿಡುವುದಿಲ್ಲ. ಕ್ಯಾಲ್ಪೇನ್ ಮಯೋಸಿನ್, ಆಕ್ಟಿನ್‌ಗಳ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಸ್ನಾಯುವಿನ ಚೌಕಟ್ಟು ಹಿಡಿದಿಡುವ ಟೈಟಿನ್, ನೆಬ್ಯುಲಿನ್, ಡೆಸ್ಮಿನ್ ಅದರ ಗುರಿ. ಸ್ನಾಯುತಂತುವಿನ ಘಟಕಗಳ ಗಡಿಯಾದ ಝಡ್ ತಟ್ಟೆಯಲ್ಲಿರುವ ಆಲ್ಫಾ-ಆಕ್ಟಿನಿನ್ ಎಂಬ ಪ್ರೋಟೀನಿನ ವಿಷಯದಲ್ಲಿ ಎಚ್ಚರ: ಅದು ತುಂಡಾಗದೆ ಹಾಗೇ ಕಳಚಿಕೊಂಡು ಬರುತ್ತದೆ. ಅಲ್ಲಿ ‘ಬಿಡಿಸು’ ಎಂದೇ ಬರೆಯಬೇಕು.

‘ರಚನಾತ್ಮಕ’ವನ್ನು ತೆಗೆಯಿರಿ. ರಚನಾತ್ಮಕ ಟೀಕೆ, ರಚನಾತ್ಮಕ ಸಲಹೆ ಎಂದು ಬಳಸಿ ಬಳಸಿ ಆ ಪದ ಬೇರೆ ಅರ್ಥಕ್ಕೆ ಒಲಿದಿದೆ. ‘ಚೌಕಟ್ಟಿನ ಪ್ರೋಟೀನು’ ಎಂದರೆ ಸಂಕೋಚಿಸುವ ಆಕ್ಟಿನ್-ಮಯೋಸಿನ್ ಜೋಡಿ ತಾನಾಗಿ ಹೊರಗುಳಿಯುತ್ತದೆ. ಟ್ರೋಪೋನಿನ್-ಟಿ ಚೌಕಟ್ಟಿನದಲ್ಲ, ನಿಯಂತ್ರಕ ಪ್ರೋಟೀನು. ಅದು ಒಡೆದು ಕಾಣಿಸುವ ಸುಮಾರು 30 ಕಿಲೋಡಾಲ್ಟನ್ (ಅಣುತೂಕದ ಅಳತೆ) ತುಣುಕು ಮಾಂಸ ಎಷ್ಟು ಪಕ್ವವಾಗಿದೆ ಎಂಬುದಕ್ಕೆ ಗುರುತು ಅಷ್ಟೇ; ಎರಡನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ.

‘ಪ್ರೇರಿತ’ವೂ ಸರಿಹೋಗದು. ಕ್ಯಾಲ್ಸಿಯಂ ಒಮ್ಮೆ ಚುಚ್ಚಿ ಹೋಗುವುದಲ್ಲ, ಕೆಲಸ ಮುಗಿಯುವವರೆಗೂ ಇರಬೇಕು. ಇಡಿಟಿಎ ಎಂಬ ರಾಸಾಯನಿಕ ಹಾಕಿ ಅದನ್ನು ಹಿಡಿದಿಟ್ಟರೆ ಕಿಣ್ವ ನಿಲ್ಲುತ್ತದೆ. ‘ಅವಲಂಬಿತ’ ಇರಲಿ.

‘ಸ್ವಯಂಜೀರ್ಣ’ದ ಬದಲು ‘ಸ್ವಕರ್ತನ’. ಕ್ಯಾಲ್ಪೇನ್-1ರ 80 ಕಿಲೋಡಾಲ್ಟನ್ ಭಾಗ ಕ್ಯಾಲ್ಸಿಯಂ ಸಿಕ್ಕೊಡನೆ ತನ್ನ ತುದಿಯನ್ನು ಕಡಿದುಕೊಂಡು 78, ಆಮೇಲೆ 76 ಆಗುತ್ತದೆ. ಇದು ಸಾವಲ್ಲ, ಚುರುಕಾಗುವ ಹಂತ. ನಂತರ ಮುಂದುವರಿದರೆ ನಿಷ್ಕ್ರಿಯ. ಕೈಪಿಡಿಯಲ್ಲಿ ಪ್ರಯೋಗಭಾಗ ಇದ್ದರೆ ಈ ವಿವರ ಬೇಕೇ ಬೇಕು: ಮಾಂಸದ ಮಾದರಿ ಅರೆಯುವ ದ್ರಾವಣದಲ್ಲಿ 10 ಮಿಲಿಮೋಲಾರ್ ಇಡಿಟಿಎ ಇಲ್ಲದಿದ್ದರೆ, ಅಥವಾ 4 ಡಿಗ್ರಿಯಲ್ಲಿ ಅರೆಯದಿದ್ದರೆ, ಸ್ವಕರ್ತನ ಪಾತ್ರೆಯಲ್ಲೇ ನಡೆದುಹೋಗುತ್ತದೆ. ಆಮೇಲೆ ಹಾಲಿನ ಪ್ರೋಟೀನಾದ ಕೇಸಿನ್ ಬೆರೆಸಿದ ಜೆಲ್‌ನಲ್ಲಿ, ಕಿಣ್ವ ಕೇಸಿನ್ ಕಡಿದ ಜಾಗ ತೋರಿಸುವ ಬಿಳಿ ಪಟ್ಟಿ ಮಸುಕಾಗಿ ಬಂದರೆ ‘ಈ ಮಾಂಸದಲ್ಲಿ ಕಿಣ್ವವೇ ಕಡಿಮೆ’ ಎಂದು ವಿದ್ಯಾರ್ಥಿ ಬರೆದುಬಿಡುತ್ತಾನೆ. ಜೆಲ್ ಓಡಿಸಿದ ಮೇಲೆ ಅದನ್ನು ನೆನೆಸುವ ದ್ರಾವಣದಲ್ಲಿ ಮಾತ್ರ ಕ್ಯಾಲ್ಸಿಯಂ, ಸುಮಾರು 5 ಮಿಲಿಮೋಲಾರ್, ಜೊತೆಗೆ ಉತ್ಕರ್ಷಣ ತಡೆಯುವ ಮರ್ಕ್ಯಾಪ್ಟೋಎಥನಾಲ್. ಮರ್ಕ್ಯಾಪ್ಟೋಎಥನಾಲ್ ಬಿಟ್ಟರೆ ಕಿಣ್ವದ ಸಕ್ರಿಯ ತಾಣದ ಸಿಸ್ಟೀನ್ ಉತ್ಕರ್ಷಣಗೊಂಡು ಪಟ್ಟಿಯೇ ಬರದು.

ವಾಕ್ಯ ಹೀಗಾಗಲಿ: ‘ವಧೆಯ ನಂತರ ಕ್ಯಾಲ್ಪೇನ್-1 ಎಂಬ ಕ್ಯಾಲ್ಸಿಯಂ-ಅವಲಂಬಿತ ಕಿಣ್ವವು ಸ್ನಾಯುಕೋಶದ ಚೌಕಟ್ಟಿನ ಪ್ರೋಟೀನುಗಳನ್ನು ಅಲ್ಲಲ್ಲಿ ತುಂಡರಿಸುವುದರಿಂದ ಮಾಂಸ ಮೆದುವಾಗುತ್ತದೆ.’

ಇನ್ನೊಬ್ಬರ ಸೇರ್ಪಡೆ

ಮೇಲಿನದನ್ನು ಒಪ್ಪುತ್ತೇನೆ, ‘ಸ್ವಕರ್ತನ’ ಒಂದನ್ನು ಬಿಟ್ಟು. ಕಿವಿಗೆ ಅದು ‘ಸ್ವಕರ್ತವ್ಯ’ದ ಹತ್ತಿರ ಕೇಳಿಸುತ್ತದೆ. ‘ತನ್ನನ್ನೇ ತುಂಡರಿಸಿಕೊಳ್ಳುವುದು’ ಉದ್ದವಾದರೂ ಪಾಠದಲ್ಲಿ ತೊಡಕಿಲ್ಲ. ಪ್ರೋಟಿಯೇಸ್‌ಗೆ ‘ಪ್ರೋಟೀನುನಾಶಕ’ ಎಂದು ಕೆಲವರು ಬರೆಯುತ್ತಾರೆ, ಅದನ್ನೂ ದಯವಿಟ್ಟು ಕೈಬಿಡಿ. ಸ್ನಾಯುವಿನಲ್ಲಿ ಟೈಟಿನ್‌ಗೆ ಅಂಟಿಕೊಂಡಿರುವ ಕ್ಯಾಲ್ಪೇನ್-3 ಎಂಬುದಿದೆ. ಅದರ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟರೆ ಸೊಂಟ ಮತ್ತು ಭುಜದ ಸ್ನಾಯುಗಳು ಸೊರಗುವ ಮಸ್ಕ್ಯುಲರ್ ಡಿಸ್ಟ್ರೊಫಿ ಬರುತ್ತದೆ ಎಂದು 1995ರಲ್ಲಿ ಗೊತ್ತಾಯಿತು. ತುಂಡರಿಸುವ ಕಿಣ್ವ ಇಲ್ಲದ್ದಕ್ಕೇ ಸ್ನಾಯು ಹಾಳಾಗುವಾಗ ಅದನ್ನು ನಾಶಕ ಎನ್ನುವುದು ಹೇಗೆ? ಕ್ಯಾಲ್ಪೇನ್‌ಗಳನ್ನು ತಡೆಯುವ ಕ್ಯಾಲ್ಪಾಸ್ಟಾಟಿನ್‌ಗೆ ‘ಪ್ರತಿಬಂಧಕ’ ಸರಿ. ಡುಬ್ಬವಿರುವ ದನದ ತಳಿಗಳಲ್ಲಿ ಅದು ಹೆಚ್ಚಿರುವುದರಿಂದ ಮಾಂಸ ಗಡುಸು ಎಂಬ ಮಾತೂ ಆ ಅಧ್ಯಾಯದಲ್ಲಿ ಬರಬಹುದು, ಅಲ್ಲಿ ‘ಪ್ರತಿಕಾಯ’ ಎಂದು ಬರೆದು ರೋಗನಿರೋಧಕ ಶಕ್ತಿಯ ಪಾಠಕ್ಕೆ ಹೋಗದಿರಿ.