ಹಸಿರು ದ್ರಾವಕದಲ್ಲಿ ಲ್ಯಾಕೇಸ್ ಯಾಕೆ ಸೊರಗುತ್ತದೆ?

ತುಂಗಾತೀರ: ನಾನು ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ. ನಮ್ಮ ಕಡೆ ಅಡಿಕೆ ಸುಲಿದ ಮೇಲೆ ಸಿಪ್ಪೆಯನ್ನು ರಸ್ತೆ ಬದಿ ರಾಶಿ ಹಾಕಿ ಸುಡುತ್ತಾರೆ. ಆ ಹೊಗೆ ನೋಡಿದರೆ ಸಂಕಟವಾಗುತ್ತದೆ. ಸಿಪ್ಪೆಗೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆಯಲು ಅಣಬೆಯ ಲ್ಯಾಕೇಸ್ ಕಿಣ್ವ ಬಳಸುತ್ತಿದ್ದೇನೆ. ಕೋಲಿನ್ ಕ್ಲೋರೈಡ್ ಮತ್ತು ಗ್ಲಿಸರಾಲ್ 1:2 ಮೋಲ್ ಲೆಕ್ಕದಲ್ಲಿ ಸೇರಿಸಿದ ಹಸಿರು ದ್ರಾವಕಕ್ಕೆ (ಪರಿಸರಕ್ಕೆ ಕಡಿಮೆ ಹಾನಿ ಮಾಡುವಂಥದ್ದು) ಹಾಕಿದರೆ ಕಿಣ್ವದ ಚಟುವಟಿಕೆ ಕುಸಿಯುತ್ತದೆ. ಕೊಬ್ಬು ಒಡೆಯುವ ಕಿಣ್ವ ಲೈಪೇಸ್ ಇದರಲ್ಲೇ ಚೆನ್ನಾಗಿರುತ್ತದೆ ಅಲ್ವಾ?

ಆಗುಂಬೆ ಮಳೆ: ಕ್ಲೋರೈಡ್ ಮೇಲೆ ನನಗೆ ಅನುಮಾನ. ಲ್ಯಾಕೇಸ್ ಕೆಲಸ ಮಾಡುವುದೇ ಅದರೊಳಗಿನ 4 ತಾಮ್ರದ ಪರಮಾಣುಗಳಿಂದ. ಕ್ಲೋರೈಡ್ ಆ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಲೈಪೇಸ್‌ನಲ್ಲಿ ಈ ತಾಮ್ರದ ವ್ಯವಸ್ಥೆಯೇ ಇಲ್ಲ, ಹೋಲಿಸಬೇಡಿ. ಬೀಟೇನ್ ಮತ್ತು ಗ್ಲಿಸರಾಲ್ ಸೇರಿಸಿ ನೋಡಿ, ಅದರಲ್ಲಿ ಕ್ಲೋರೈಡ್ ಇರುವುದಿಲ್ಲ.

ಸಾಗರದ ಮೇಷ್ಟ್ರು: ಸರಿಯಾದ ಮಾತು. ಇನ್ನೊಂದು ನೋಡಮ್ಮ, ಈ ದ್ರಾವಕಗಳು ಜೋನಿಬೆಲ್ಲದ ಹಾಗೆ ಮಂದ. ಕಿಣ್ವಕ್ಕೆ ಓಡಾಡಲು ಆಗುವುದಿಲ್ಲ. ಸ್ವಲ್ಪ ಸ್ವಲ್ಪ ನೀರು ಸೇರಿಸುತ್ತಾ ಹೋಗು. ನೀರು ಅರ್ಧಕ್ಕಿಂತ ಜಾಸ್ತಿ ಆದರೆ ದ್ರಾವಕದ ಹೈಡ್ರೋಜನ್ ಬಂಧದ ಜಾಲ ಬಿಡಿಸಿಕೊಳ್ಳುತ್ತದೆ, ಉಳಿಯುವುದು ಸುಮ್ನೆ ಉಪ್ಪುನೀರಿನಂಥ ದ್ರಾವಣ. ಚಟುವಟಿಕೆ, ಬಾಳಿಕೆ ಎರಡನ್ನೂ ಬೇರೆ ಬೇರೆ ಅಳೆಯಬೇಕು. ದ್ರಾವಕದಲ್ಲಿ ಮಂಕಾದ ಕಿಣ್ವ ಕೆಟ್ಟೇ ಹೋಗಿದೆ ಎಂದಲ್ಲ. ಬಾಳಿಕೆ ನೋಡಲು ಕಿಣ್ವವನ್ನು ಅದರಲ್ಲೇ ಕೆಲವು ಗಂಟೆ ಇಟ್ಟು, ಆಮೇಲೆ ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಚೆನ್ನಾಗಿ ತೆಳುಮಾಡಿ, ಲ್ಯಾಕೇಸ್ ಕೆಲಸ ಮಾಡಿದರೆ ಬಣ್ಣ ಬರುವ ಎಬಿಟಿಎಸ್ ಹಾಕಿ, ಆ ಬಣ್ಣವನ್ನು 420 ನ್ಯಾನೋಮೀಟರ್‌ ಬೆಳಕಿನಲ್ಲಿ ಓದು.

ತುಂಗಾತೀರ: ಬಾಳಿಕೆಯನ್ನು ಬೇರೆಯಾಗಿ ನೋಡಿಯೇ ಇಲ್ಲ ಸರ್. ಬೀಟೇನ್ ತರಿಸುತ್ತೇನೆ. ಪಿಎಚ್ ಕೂಡ ಪ್ರತಿ ಮಿಶ್ರಣಕ್ಕೂ ನೋಡಬೇಕಾ?

ಸಾಗರದ ಮೇಷ್ಟ್ರು: ನೋಡಲೇಬೇಕು, ನೀರು ಸೇರಿಸಿದ ಮೇಲೆ.