ರೊಟ್ಟಿ ಹಲಗಿ ಬಿಟ್ಕೊಂಡದ, ನೀರಿಗೆ ಬಿಡದಂಥ ಅಂಟು ಯಾವ್ದ್ರಿ?

ಪ್ರಶ್ನೆ (ರಾಯಚೂರು): ಅಣ್ಣಾರ, ನಮ್ಮತ್ತಿ ಕಾಲದ ಸಾಗವಾನಿ ರೊಟ್ಟಿ ಹಲಗಿ, ಎರಡು ತುಂಡು ಜೋಡಿಸಿ ಮಾಡಿದ್ದು, ನಡುವಿನ ಜಾಯಿಂಟ್ ಬಿಟ್ಟದ. ಮನ್ಯಾಗಿದ್ದ ಬಿಳಿ ಅಂಟು ಹಚ್ಚಿ ಹಗ್ಗ ಬಿಗಿದಿಟ್ಟೆ, ಹದಿನೈದು ದಿನ ತಡೀತು ಅಷ್ಟ. ಈಗ ಸಂದಿನ್ಯಾಗ ಬೆರಳಿಟ್ರ ಅಂಟು ಹಾಲಿನ ಕೆನಿ ಹಂಗ ಮೆತ್ತಗ ಎದ್ದು ಬರ್ತದ. ಕಡಗೋಲಿನ ತಲಿನೂ ಅಲ್ಲಾಡ್ತದ. ಎರಡಕ್ಕೂ ಆಗೋದು ಒಂದು ಹೇಳ್ರಿ, ಹಿಟ್ಟು ತಾಗೋ ಜಾಗ ನೋಡ್ರಿ, ಅದೇ ಅಂಜಿಕಿ.

ಉತ್ತರ (ಬಡಗಿ, ಕೊಪ್ಪಳ): ಅಕ್ಕಾರ, ನೀವು ಹಚ್ಚಿದ್ದು ಒಳಗಿನ ಫರ್ನಿಚರ್‌ಗೆ ಹಚ್ಚೋ ಅಂಟು, ಅದು ನೀರು ಕುಡಿದ್ರ ಮತ್ತ ಮೆತ್ತಗಾಗ್ತೈತಿ. ಅದರಾಗ ಜ್ವಾಳದ ಹಿಟ್ಟಂದ್ರ ಎಸರು ಹಾಕಿ ನಾದಿದ ಬಿಸಿ ಹಿಟ್ಟು, ಮ್ಯಾಲೆ ಒದ್ದಿ ಕೈಲೆ ಬಡಿಯೋದು, ನೀರೂ ಬಿಸಿನೂ ಎರಡೂ ಸೇರಿದ್ರ ಆ ಅಂಟು ಎಲ್ಲಿ ತಡೀತೈತ್ರಿ.

ತಗೊಳ್ಳೋವಾಗ ಡಬ್ಬಿ ಮ್ಯಾಲೆ ವಾಟರ್‌ಪ್ರೂಫ್ ಅಂತ ಇದ್ರಷ್ಟ ಸಾಲದು, ನೀರು ತಡಿಯೋ ದರ್ಜಿ ಡಿ3 ಐತೋ ಡಿ4 ಐತೋ ನೋಡ್ರಿ. ಡಿ3 ಅಂದ್ರ ಅಂಟಿಸಿದ ಮರ 4 ದಿನ ತಣ್ಣೀರಾಗ ಇಟ್ಟು ನೋಡಿರ್ತಾರ, ಡಿ4 ಅಂದ್ರ 6 ತಾಸು ಕುದಿಯೋ ನೀರಾಗ. ನಿಮ್ಮ ಹಲಗಿಗೆ ಡಿ4 ಚಲೋ. ಇಲ್ಲಂದ್ರ ಟೈಟ್‌ಬಾಂಡ್ 3 ಅನ್ನೋ ಮರದ ಅಂಟು ಸಿಕ್ರ ಅದನ್ನ ತರ್ರಿ, ಆನ್‌ಲೈನ್‌ನಾಗ ಸಿಗ್ತೈತಿ, ತುಟ್ಟಿ ಖರೆ, ಆದ್ರ ಪೂರ್ತಿ ಒಣಗಿದ ಮ್ಯಾಲೆ ಅಡಗಿ ಸಾಮಾನಿಗೆ ನಡಿತೈತಿ ಅಂತ ಕಂಪನಿಯವ್ರೇ ಹೇಳ್ತಾರ. ಅದೂ ಸುದ್ದಾ ಸದಾ ನೀರಾಗ ಮುಳುಗಿರೋ ಸಾಮಾನಿಗಲ್ಲ.

ಹಳೆ ಅಂಟಿನ ಮ್ಯಾಲೆ ಹೊಸ ಅಂಟು ಹಿಡಿಯಂಗಿಲ್ಲ, ಇದನ್ನ ಮಾತ್ರ ಮರೀಬ್ಯಾಡ್ರಿ. ಬಿಸಿನೀರಿನ ಬಟ್ಟಿ ಇಟ್ಟು ಕೆರೆದು ತಗೀರಿ, ಹಲಗಿ ನೆರಳಾಗ ಪೂರ್ತಿ ಒಣಗಲಿ, ಆಮ್ಯಾಲೆ ಅಂಚಿಗೆ ರಂದಾ ಹೊಡಿಸ್ರಿ. ಎರಡು ತುಂಡು ಜೋಡಿಸಿ ಬೆಳಕಿಗೆ ಹಿಡಿದ್ರ ನಡುವ ಬೆಳಕು ಕಾಣಬಾರದು, ಕಂಡ್ರ ಈ ಅಂಟು ಉಳಿಸಂಗಿಲ್ಲ. ಸಾಗವಾನಿಗೆ ಮೈಯಾಗ ಎಣ್ಣಿ ಇರ್ತೈತಿ, ಅದಕ್ಕ ರಂದಾ ಹೊಡೆದ ದಿನಾನ ಅಂಟು ಹಚ್ಚಿಬಿಡಬೇಕು. ನಮ್ಮ ಕಡೆ ಬ್ಯಾಸಿಗ್ಯಾಗ ಮಧ್ಯಾಹ್ನ ಹಚ್ಚಾಕ ಹೋಗಬ್ಯಾಡ್ರಿ, ಬಿಗಿಯೋದ್ರಾಗ ಮ್ಯಾಲೆ ಪೊರಿ ಕಟ್ಟಿರ್ತೈತಿ, ಬೆಳಿಗ್ಗೆ ತಂಪಿನ್ಯಾಗ ಮಾಡ್ರಿ. ತೆಳ್ಳಗ ಎರಡೂ ಅಂಚಿಗೆ ಹಚ್ಚಿ ಒತ್ತಿದ್ರ ಜಾಯಿಂಟ್ ಉದ್ದಕ್ಕೂ ಸಣ್ಣ ಸಣ್ಣ ಹನಿ ಸಾಲಾಗಿ ಹೊರಗ ಬರ್ಬೇಕು. ಹನಿ ಬರಲಿಲ್ಲಂದ್ರ ಅಂಟು ಕಮ್ಮಿ ಆಗೈತಿ.

ಕಡಗೋಲಿಗೆ ಅಂಟೇ ಬ್ಯಾಡ್ರಿ. ಅದರ ತಲಿ ಮಜ್ಜಿಗ್ಯಾಗೇ ಇರ್ತೈತಿ, ಉಬ್ಬತೈತಿ, ಒಣಗತೈತಿ, ಅಂಟು ಎಷ್ಟು ದಿನ ತಡೀತೈತಿ? ಕೋಲಿನ ತುದಿ ಸೀಳಿ ಒಣ ಬಿದಿರಿನ ಬೆಣೆ ಹೊಡೀರಿ, ಒದ್ದಿ ಆದಂಗ ಅದೇ ಬಿಗಿ ಆಗ್ತೈತಿ.

ಪ್ರಶ್ನೆ (ಬಳ್ಳಾರಿ): ಎರಡು ಟ್ಯೂಬ್ ಕಲಸಿ ಹಚ್ಚೋ ಅರಾಲ್ಡೈಟ್ ನಡಿಯಲ್ವಾ ಅಣ್ಣ? ಮತ್ತೆ ಕಿನ್ನಾಳದ ಮರದ ಗೊಂಬೆ ಮಾಡೋರು ಹುಣಸೆ ಬೀಜದ ಅಂಟು ಹಾಕ್ತಾರಲ್ಲ, ಅದಾದ್ರೆ ತಿನ್ನೋದಕ್ಕೂ ಭಯ ಇಲ್ಲ.

ಉತ್ತರ (ಬಡಗಿ, ಕೊಪ್ಪಳ): ಅರಾಲ್ಡೈಟ್ ನೀರಿಗೆ ಬಗ್ಗಂಗಿಲ್ಲ, ಸಂದು ಇದ್ರೂ ತುಂಬ್ತೈತಿ, ಆದ್ರ ಬಿಸಿಗೆ ಮೆತ್ತಗಾಗ್ತೈತಿ. ಹಿಡಿಕಿಗೆ ಹಾಕ್ರಿ, ಹಿಟ್ಟು ತಾಗೋ ಕಡೆ ನಾ ಹಾಕಂಗಿಲ್ಲ. ಕಿನ್ನಾಳ ನಮ್ಮ ಊರ ಪಕ್ಕನ ಐತಿ, ಅವರು ಹುಣಸಿ ಬೀಜದ ಅಂಟಿನ್ಯಾಗ ಮರದ ಹೊಟ್ಟು ಕಲಸಿ ಗೊಂಬಿಗೆ ಮೆತ್ತತಾರ, ಮ್ಯಾಲೆ ಬಣ್ಣ ಇರ್ತೈತಿ, ಗೊಂಬಿನ್ನ ಯಾರೂ ತೊಳಿಯಂಗಿಲ್ಲ. ರೊಟ್ಟಿ ಹಲಗಿ ದಿನಾ ತೊಳೀತೀವಿ. ಆ ಅಂಟು ಹಿಟ್ಟೇ ಅಲ್ಲೇನ್ರಿ, ನೀರಿಗೆ ಕರಗ್ತೈತಿ.

ಪ್ರಶ್ನೆ (ರಾಯಚೂರು): ನಮ್ಮನ್ಯಾಗ ಕ್ಲ್ಯಾಂಪ್ ಇಲ್ರಿ, ಹಗ್ಗ ಬಿಗಿದ್ರ ಆಗ್ತದೇನು?

ಉತ್ತರ (ಬಡಗಿ, ಕೊಪ್ಪಳ): ಹಗ್ಗ ಸಡಲ್ತೈತಿ ಅಕ್ಕಾರ. ಒಂದು ದಪ್ಪ ಹಲಗಿ ಮ್ಯಾಲೆ ಪ್ಲಾಸ್ಟಿಕ್ ಹಾಸಿ ನಿಮ್ಮ ರೊಟ್ಟಿ ಹಲಗಿ ಇಡ್ರಿ, ಎರಡೂ ಬದಿಗೆ ಒಂದೊಂದು ರೀಪು (ಮರದ ಪಟ್ಟಿ) ಇಟ್ಟು ಕೆಳಗಿನ ಹಲಗಿಗೆ ಮೊಳೆ ಹೊಡೀರಿ, ಒಂದು ಕಡೆ ಬೆರಳಷ್ಟು ಸಂದು ಬಿಟ್ಟು ಅಲ್ಲಿ ಎರಡು ಬೆಣೆ ಎದುರುಬದುರು ಹೊಡೀರಿ, ಕ್ಲ್ಯಾಂಪಿನಷ್ಟೇ ಒತ್ತತೈತಿ. ಹಲಗಿ ನಡುವ ಮ್ಯಾಲೆ ಏಳದಂಗ ಒಜ್ಜಿ ಕಲ್ಲು ಹೇರ್ರಿ. ಒಂದು ತಾಸಿಗೆ ಬೆಣೆ ತಗದ್ರೂ ಒಂದು ದಿನ ಪೂರ್ತಿ ರೊಟ್ಟಿ ಬಡೀಬ್ಯಾಡ್ರಿ. ತೊಳೆದ ಮ್ಯಾಲೆ ನೀರಾಗ ನೆನಿಯಾಕ ಇಡದ, ಒರೆಸಿ ಗ್ವಾಡಿಗೆ ನಿಂದರಿಸ್ರಿ.