ಟೊಮ್ಯಾಟೊ ಗೆರೆ ಮತ್ತು ಅಜ್ಜಿಯ ಕಲ್ಚಟ್ಟಿ

ಶನಿವಾರ ರಾತ್ರಿ ಒಂಬತ್ತೂವರೆಗೆ ಬಾವ ನಮ್ಮ ಮನೆ ಗ್ರೂಪಿಗೆ ಒಂದು ಚಿತ್ರ ಹಾಕಿದರು. ಎಡಮೂಲೆಯಿಂದ ಬಲಮೂಲೆಗೆ ಜೋರಾಗಿ ಹತ್ತಿದ ಕೆಂಪು ಗೆರೆ. ಮೇಲೆ, ಹಲವು ಸಲ ಫಾರ್ವರ್ಡ್ ಆಗಿದೆ ಅನ್ನೋ ಜೋಡಿ ಬಾಣ.

ಬಾವ: ನೋಡಿ ಟೊಮ್ಯಾಟೊ ರೇಟು! ಇನ್ನು ಸಾರಿಗೆ ಬರೀ ನೀರೇ ಗತಿ 😂 ಕೋಲಾರದ ಮಾವನೋರಿಗೆ ಮಾತ್ರ ಹಬ್ಬ

ಅಣ್ಣ: ಯಾವ ಮಾರ್ಕೆಟ್ಟು, ಯಾವ ತಿಂಗಳು? ಯಾರು ಮಾಡಿದ್ದು ಬಾವ ಇದು?

ಬಾವ: ಆಫೀಸ್ ಗ್ರೂಪಲ್ಲಿ ಬಂತು

ಅಣ್ಣ: ಅರಿಶಿನ ನೀರು ಕುಡಿದ್ರೆ ಶುಗರ್ ಹೋಗತ್ತೆ ಅಂತ ಬಂದಿದ್ದೂ ಅದೇ ಗ್ರೂಪಲ್ವಾ

ದೊಡ್ಡಪ್ಪ: ಬೆಲೆ ಏರಿದರೆ ತಿನ್ನುವುದನ್ನು ಕಡಿಮೆ ಮಾಡಬೇಕು. ನಾಲಿಗೆ ಹಿಡಿತದಲ್ಲಿರಲಿ. ಶುಭರಾತ್ರಿ 🙏

(ದೊಡ್ಡಪ್ಪ ಪ್ರತಿ ಮೆಸೇಜಿಗೂ ಶುಭರಾತ್ರಿ ಹೇಳ್ತಾರೆ. ಮಲಗಿದ್ದು ಯಾರೂ ನೋಡಿಲ್ಲ.)

ಪುಟ್ಟಿ: ಮಾವ, ಎಡಗಡೆ ನಂಬರ್ ನೋಡಿ. ಸೊನ್ನೆಯಿಂದ ಇಲ್ಲ, 50ರಿಂದ ಶುರು, 60ಕ್ಕೆ ಮುಗೀತು. ರೇಟು ಹೋಗಿರೋದು 52ರಿಂದ 58ಕ್ಕೆ. ಆರು ರೂಪಾಯಿ ಅಷ್ಟೆ

ಬಾವ: ಏರಿದೆ ತಾನೇ ಪುಟ್ಟಿ

ಚಿಕ್ಕಪ್ಪ: ಅಳಿಯಂದ್ರೇ, ಹಬ್ಬ ಅಂದ್ರಲ್ಲ, ಮಂಡಿಗೆ ಬನ್ನಿ ಒಂದ್ಸಲ. 15 ಕೆಜಿ ಬಾಕ್ಸಲ್ಲಿ ಕೊಯ್ಲು ಕೂಲಿ, ಗಾಡಿ ಬಾಡಿಗೆ, ಕಮಿಷನ್ ಕಳೆದು ಕೈಗೆ ಏನು ಬರತ್ತೆ ತೋರಿಸ್ತೀನಿ

ಬಾವ: 2023ರ ಜುಲೈಲಿ ಬಾಕ್ಸ್ ಎರಡು ಸಾವಿರ ದಾಟಿತ್ತು ಮಾವ. ಆಗ ಈ ಲೆಕ್ಕ ಬರ್ಲಿಲ್ಲ. ಮನೆದೇವರ ಗುಡಿ ಸುಣ್ಣಕ್ಕೆ ಐನೂರು ಬಂತು ಅಷ್ಟೆ

ಬಂತಲ್ಲ ಸುಣ್ಣ. ಇಲ್ಲಿಂದ ಮುಂದೆ ಆ ಗೆರೆಯನ್ನ ಯಾರೂ ತೆರೆದು ನೋಡಿದ ಹಾಗೆ ಕಾಣಲಿಲ್ಲ.

ಚಿಕ್ಕಪ್ಪ: ಆ ಜುಲೈಲಿ ನನ್ನ ಗಿಡಕ್ಕೆ ಎಲೆ ಮುದುಡೋ ರೋಗ. ಕಾಯಿ ಇದ್ದೋನಿಗೆ ರೇಟು. ಆಮೇಲೆ ಆ ರೇಟು ನೋಡಿ ಊರೆಲ್ಲ ನಾಟಿ ಹಾಕ್ತು, ನಾನೂ ಹಾಕ್ದೆ. ಸೆಪ್ಟೆಂಬರಲ್ಲಿ ಎಲ್ರದ್ದೂ ಒಟ್ಟಿಗೆ ಬಂತು, ರೇಟು ನೆಲಕ್ಕೆ. ಅದರ ಗ್ರಾಫ್ ಯಾಕೆ ನಿಮ್ಮ ಆಫೀಸಿಗೆ ಬರ್ಲಿಲ್ಲ?

ದಾವಣಗೆರೆ ಅಕ್ಕ: ಗ್ರಾಫ್ ಶೀಟು ಅಂದ್ರೆ ನನಗೆ ಹೈಸ್ಕೂಲ್ ನೆನಪು 😍 ಅಜ್ಜಿ ಟೊಮ್ಯಾಟೊ ದುಬಾರಿ ಆದ್ರೆ ಹುಣಸೆಹಣ್ಣು ಹಿಂಡೋರು, ಸಾರು ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆ ಕಲ್ಚಟ್ಟಿ ಯಾರ ಮನೆಗೆ ಹೋಯ್ತು?

ಪುಟ್ಟಿ ಆಗಲೇ ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ಪೆನ್ಸಿಲಲ್ಲಿ ಮೂರು ಚುಕ್ಕೆ ಇಟ್ಟು ಫೋಟೊ ಹಾಕಿದಳು. ಹಾಳೆ ಒತ್ತಿ ಹಿಡಿದಿದ್ದ ನನ್ನ ಹೆಬ್ಬೆರಳೂ ಬಂದಿತ್ತು.

ಪುಟ್ಟಿ: ಅತ್ತೆ, ನೀವು ಹೇಳಿದ್ದೇ ಬೇಡಿಕೆ ರೇಖೆ! ಯಾವ ರೇಟಿಗೆ ಎಷ್ಟು ಕೊಳ್ತೀವಿ ಅಂತ ತೋರಿಸೋ ಗೆರೆ. ಮಾವನ ಗ್ರಾಫಲ್ಲಿ ಕೆಳಗಡೆ ಇರೋದು ದಿನ. ಇದ್ರಲ್ಲಿ ಕೆಜಿ. ನಮ್ಮನೇಲಿ ರೇಟು 20 ಇದ್ರೆ ವಾರಕ್ಕೆ 3 ಕೆಜಿ, 60 ಆದ್ರೆ 2, 100 ಆದ್ರೆ 1. ಇಳಿಜಾರು ಮೈನಸ್ 40, ಅಂದ್ರೆ ಒಂದು ಕೆಜಿ ಜಾಸ್ತಿ ಕೊಳ್ಳೋಕೆ ರೇಟು 40 ಇಳೀಬೇಕು. ಕೆಜಿ ಬದಲು ಗ್ರಾಂ ಬರೆದ್ರೆ ಅದೇ ಮೈನಸ್ 0.04 ಆಗತ್ತೆ, ನಾವು ತಿನ್ನೋದೇನೂ ಬದಲಾಗಲ್ಲ. ಅಳತೆ ನೋಡದೆ ಗೆರೆ ನೋಡಿ ಹೆದರಬಾರ್ದು

ಅಣ್ಣ: ಒಂದೇ ಮನೆ, ಮೂರು ಚುಕ್ಕೆ. ಇದು ಪುರಾವೆ ಆಗಲ್ಲ ಪುಟ್ಟಿ

ದೊಡ್ಡಪ್ಪ: ಕಾರಣ ಅಡ್ಡಗೆರೆಗೆ, ಪರಿಣಾಮ ನಿಂತ ಗೆರೆಗೆ ಎಂದು ನಾನು ಮೂವತ್ತು ವರ್ಷ ಕಲಿಸಿದ್ದೇನೆ. ಬೆಲೆ ಹೇಗೆ ಎದ್ದು ನಿಂತಿತು?

ಪುಟ್ಟಿ: ಅರ್ಥಶಾಸ್ತ್ರದೋರು ಉಲ್ಟಾ ಹಾಕ್ತಾರೆ ತಾತ. ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಹಾಗೆ ಹಾಕಿದ್ದು, ಅದೇ ರೂಢಿ

ದೊಡ್ಡಪ್ಪ: ಉಲ್ಟಾ ಹಾಕುವವರಿಂದಲೇ ಹೀಗಾಗಿದೆ. ಶುಭರಾತ್ರಿ 🙏

ಬಾವ: ಹಾಗಾದ್ರೆ ಗುಡಿ ಸುಣ್ಣದ ವಿಷಯ?

ದಾವಣಗೆರೆ ಅಕ್ಕ: ಕಲ್ಚಟ್ಟಿ ಕೇಳಿದ್ದೆ

ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಹುಟ್ಟುಹಬ್ಬಕ್ಕೆ ಬಿಟ್ಟು ಗ್ರೂಪಲ್ಲಿ ಬಾಯಿ ಬಿಡದ ಕೋಲಾರದ ಚಿಕ್ಕಮ್ಮನ ಹೆಸರಿನ ಕೆಳಗೆ 'ಟೈಪಿಂಗ್' ಅಂತ ಬಂತು, ಹೋಯಿತು, ಮತ್ತೆ ಬಂತು.

ಚಿಕ್ಕಮ್ಮ: ಕಲ್ಚಟ್ಟಿ ನಮ್ಮನೇಲಿದೆ. ಬಂದು ತಗೊಂಡೋಗಿ. ಬರೋವಾಗ ಅಳಿಯಂದ್ರನ್ನೂ ಕರ್ಕೊಂಡು ಬನ್ನಿ, ಎರಡು ಬಾಕ್ಸ್ ಟೊಮ್ಯಾಟೊ ತುಂಬಿ ಇಟ್ಟಿದೀನಿ, ಮಂಡಿಯೋರು ಬೇಡ ಅಂದಿದ್ದು.